ಗವರ್ ಸ್ಟ್ರೀಟಿನ ನೂರು ಗಂಟೆ

ಲಂಡನ್ ನೋಡಲು ಬಂದವರು ಗವರ್ ಸ್ಟ್ರೀಟಿನ ದಕ್ಷಿಣದ ತುದಿಗೆ ಬಂದೊಡನೆ ಬ್ರಿಟಿಷ್ ಮ್ಯೂಸಿಯಮ್ಮಿನ ಕಡೆಗೆ ತಿರುಗಿಕೊಳ್ಳುತ್ತಾರೆ. ನಾನು ಉತ್ತರಕ್ಕೆ ನಡೆದೆ. ನಾನು ನೋಡಬೇಕೆಂದುಕೊಂಡು ಬಂದದ್ದು ಒಂದು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗವನ್ನು. 2020ರ ಮಾರ್ಚ್‌ನಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತಿದ್ದಾಗ, ಯೂನಿವರ್ಸಿಟಿ ಕಾಲೇಜ್ ಲಂಡನ್ (ಯುಸಿಎಲ್) ಎಂಬ ವಿಶ್ವವಿದ್ಯಾಲಯದ ಈ ವಿಭಾಗದಲ್ಲಿ ಕೂತ ಕೆಲವರು, ಮೊದಲ ಸಭೆ ಸೇರಿದ ನೂರು ಗಂಟೆಯೊಳಗೆ ಕೋವಿಡ್ ರೋಗಿಗಳ ಉಸಿರಾಟಕ್ಕೆ ನೆರವಾಗುವ ಸಾಧನವೊಂದನ್ನು ತಯಾರಿಸಿ ಕೈಗಿತ್ತರು. ಅದನ್ನು ಓದಿದಾಗಿನಿಂದ ಆ ಜಾಗವನ್ನು ಕಣ್ಣಾರೆ ಕಾಣಬೇಕೆಂಬ ಆಸೆ ನನ್ನಲ್ಲಿ ಬೆಳೆಯುತ್ತಲೇ ಇತ್ತು. ಜೊತೆಗೆ ಅಕ್ಕನ ಮಗಳಿದ್ದಳು. ಅವಳು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಕೋವಿಡ್ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದವಳು.

ಗವರ್ ಸ್ಟ್ರೀಟ್ ಉದ್ದಕ್ಕೂ ನೇರವಾದ ಬೀದಿ. ಒಂದರ ಹೆಗಲಿಗೆ ಒಂದು ಒರಗಿ ನಿಂತ ಕಂದು ಇಟ್ಟಿಗೆಯ ಹಳೆಯ ಮನೆಗಳು. ಅವುಗಳನ್ನು ದಾಟಿ ವಿಶ್ವವಿದ್ಯಾಲಯದ ಗೋಡೆಯ ಬಳಿ ಬಂದರೆ ಒಂದು ಸ್ಮಾರಕ ಫಲಕ ಕಾಣುತ್ತದೆ. ರಿಚರ್ಡ್ ಟ್ರೆವಿಥಿಕ್ ಎಂಬ ಎಂಜಿನಿಯರ್ 1808ರಲ್ಲಿ ಇಲ್ಲೇ ಹತ್ತಿರದಲ್ಲಿ ಪ್ರಯಾಣಿಕರನ್ನು ಎಳೆಯುವ ಉಗಿಬಂಡಿ ಓಡಿಸಿ ತೋರಿಸಿದ ಎಂದು ಅದು ಹೇಳುತ್ತದೆ. ಆಗ ಈ ವಿಶ್ವವಿದ್ಯಾಲಯ ಹುಟ್ಟೇ ಇರಲಿಲ್ಲ. 1826ರಲ್ಲಿ ಅದು ಹುಟ್ಟಿದಾಗ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್‌ಗಳು ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದವರಿಗೆ ಪದವಿ ಕೊಡುತ್ತಿರಲಿಲ್ಲ. ಇಲ್ಲಿ ಮಾತ್ರ ಮತ ಯಾವುದೆಂದು ಕೇಳದೆ ಓದಲು ಬಿಟ್ಟರು. ಇಲ್ಲಿನ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ರೂಪಿಸಿದ ವಾಲ್ವ್‌ನಿಂದ ರೇಡಿಯೊ ಯುಗಕ್ಕೆ ದಾರಿ ತೆರೆಯಿತು. ಕೈಯಲ್ಲಿ ಮಾಡಿ ತೋರಿಸಿದರೇ ವಿದ್ಯೆ ಎಂಬ ನಂಬಿಕೆ ಈ ಬೀದಿಯ ಮಣ್ಣಿನಲ್ಲೇ ಇದ್ದಂತಿದೆ.

ಟಾರಿಂಗ್ಟನ್ ಪ್ಲೇಸ್ ಎಂಬ ಅಡ್ಡರಸ್ತೆಗೆ ತಿರುಗಿದರೆ ರಾಬರ್ಟ್ಸ್ ಕಟ್ಟಡ. ಗುರುತಿನ ಚೀಟಿ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಹೊರಗೇ ನಿಂತು ನೋಡಿದೆ. ಅಲಂಕಾರವಿಲ್ಲದ, ಕೆಲಸಕ್ಕೆಂದೇ ಕಟ್ಟಿದ ಕಟ್ಟಡ. ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗ ಹುಡುಗಿಯರು ಒಳಗೆ ಹೋಗುತ್ತಿದ್ದರು, ಹೊರಗೆ ಬರುತ್ತಿದ್ದರು. ಯಾವ ತೋರಣವೂ ಇಲ್ಲ, ಕಲ್ಲಿನ ಶಾಸನವೂ ಇಲ್ಲ. ಆದರೂ ನನ್ನ ಮೈ ಜುಮ್ಮೆಂದಿತು. ಸಾವಿರಾರು ಜನರ ಉಸಿರಿಗೆ ಆಸರೆಯಾದ ವಸ್ತುವಿನ ತೊಟ್ಟಿಲು ಇದೇ.

2020ರ ಮಾರ್ಚ್ ಮಧ್ಯದ ದಿನಗಳನ್ನು ನೆನೆಯಿರಿ. ಇಟಲಿಯ ಆಸ್ಪತ್ರೆಗಳ ಮೊಗಸಾಲೆಗಳಲ್ಲೂ ರೋಗಿಗಳು ಮಲಗಿದ್ದರು. ಬ್ರಿಟನ್ನಿನಲ್ಲಿ ವೆಂಟಿಲೇಟರುಗಳು ಸಾಲುವುದಿಲ್ಲವೆಂದು ಸರ್ಕಾರ ಕಾರ್ಖಾನೆಗಳಿಗೆಲ್ಲ ಕರೆ ಕೊಟ್ಟಿತ್ತು. ತರಗತಿಗಳು ಪರದೆಗೆ ಸರಿದವು, ವಿದ್ಯಾರ್ಥಿಗಳು ಊರು ಸೇರುತ್ತಿದ್ದರು, ಲ್ಯಾಬುಗಳು ಖಾಲಿಯಾದವು. ಎಲ್ಲ ವಿಭಾಗಗಳೂ ಪಾಠವನ್ನು ಆನ್‌ಲೈನಿಗೆ ಸಾಗಿಸುವ ತರಾತುರಿಯಲ್ಲಿದ್ದ ಹೊತ್ತು ಅದು. ಆಗ ಇಲ್ಲಿನ ಮೆಕ್ಯಾನಿಕಲ್ ವಿಭಾಗದ ಪ್ರಾಧ್ಯಾಪಕ ಟಿಮ್ ಬೇಕರ್, ಆರೋಗ್ಯ ಎಂಜಿನಿಯರಿಂಗ್ ಸಂಸ್ಥೆಯ ಮುಖ್ಯಸ್ಥೆ ರೆಬೆಕ್ಕಾ ಶಿಪ್ಲಿ ಮತ್ತು ಪಕ್ಕದ ಆಸ್ಪತ್ರೆಯ ತೀವ್ರ ನಿಗಾ ವೈದ್ಯ ಮರ್ವಿನ್ ಸಿಂಗರ್ ಒಂದುಗೂಡಿ ಒಂದು ಪ್ರಶ್ನೆ ಕೇಳಿಕೊಂಡರು: ರೋಗಿಯನ್ನು ವೆಂಟಿಲೇಟರಿನ ತನಕ ಹೋಗದಂತೆ ತಡೆಯುವುದು ಹೇಗೆ?

ಮೊದಲು ಸರಿಯಾದ ಪ್ರಶ್ನೆ ಹುಡುಕಿಕೊಂಡದ್ದೇ ಈ ಕಥೆಯ ಮೊದಲ ಅಚ್ಚರಿ. ವೆಂಟಿಲೇಟರ್ ಎಂದರೆ ರೋಗಿಗೆ ಮತ್ತಿನ ಔಷಧಿ ಕೊಟ್ಟು, ಗಂಟಲೊಳಗೆ ಕೊಳವೆ ಇಳಿಸಿ, ಉಸಿರಾಟವನ್ನೇ ಯಂತ್ರಕ್ಕೆ ಒಪ್ಪಿಸುವುದು. ಅದಕ್ಕೆ ಐಸಿಯು ಬೇಕು, ಪಳಗಿದ ಸಿಬ್ಬಂದಿ ಬೇಕು. ಬರಿಯ ಆಮ್ಲಜನಕದ ಮಾಸ್ಕಿಗೂ ವೆಂಟಿಲೇಟರಿಗೂ ನಡುವೆ ಇನ್ನೊಂದು ಮೆಟ್ಟಿಲಿದೆ. ಅದನ್ನು ವೈದ್ಯರು ಸಿಪ್ಯಾಪ್ ಎನ್ನುತ್ತಾರೆ. ಮುಖಕ್ಕೆ ಬಿಗಿಯಾಗಿ ಕೂತ ಮಾಸ್ಕಿನ ಮೂಲಕ ಗಾಳಿ ಮತ್ತು ಆಮ್ಲಜನಕದ ಮಿಶ್ರಣವನ್ನು ಒಂದೇ ಒತ್ತಡದಲ್ಲಿ ಹರಿಸುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾನೆ, ತಾನೇ ಉಸಿರಾಡುತ್ತಾನೆ. ಬಲೂನಿಗೆ ಗಾಳಿ ಊದುವಾಗ ಮೊದಲ ಊದು ಎಷ್ಟು ಕಷ್ಟವೆಂದು ಎಲ್ಲರಿಗೂ ಗೊತ್ತು. ಒಳಗೆ ಒಂದಿಷ್ಟು ಗಾಳಿ ಉಳಿದಿದ್ದರೆ ಮುಂದಿನದು ಸಲೀಸು. ಶ್ವಾಸಕೋಶದ ಪುಟ್ಟ ಪುಟ್ಟ ಗಾಳಿಗೂಡುಗಳೂ ಹಾಗೆಯೇ. ಉಸಿರು ಬಿಟ್ಟಾಗಲೂ ಅವು ಪೂರ್ತಿ ಮುಚ್ಚಿಕೊಳ್ಳದಂತೆ ಈ ಒತ್ತಡ ತಡೆ ಹಿಡಿಯುತ್ತದೆ. ಇಟಲಿಯಿಂದ ಬಂದ ವರದಿಗಳ ಪ್ರಕಾರ ಸಿಪ್ಯಾಪ್ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕೊಳವೆ ಹಾಕುವ ಅಗತ್ಯ ಬಿದ್ದಿರಲಿಲ್ಲ. ಆದರೆ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಇಂಥ ಸಾಧನಗಳು ಸಾಕಷ್ಟು ಇರಲಿಲ್ಲ.

ಮಾರ್ಚ್ 18ರ ಬುಧವಾರ ಈ ಕಟ್ಟಡದ ಮೆಕ್‌ಸ್ಪೇಸ್ ಎಂಬ ವರ್ಕ್‌ಶಾಪಿನಲ್ಲಿ ಎಲ್ಲರೂ ಸೇರಿದರು. ಫಾರ್ಮುಲಾ ಒನ್ ರೇಸಿನ ಎಂಜಿನ್ ತಯಾರಿಸುವ ಮರ್ಸಿಡಿಸ್ ಕಾರ್ಖಾನೆಯ ಎಂಜಿನಿಯರುಗಳೂ ಬಂದರು. ಮೇಜಿನ ಮೇಲೆ ಇಟ್ಟದ್ದು ವಿಸ್ಪರ್‌ಫ್ಲೋ ಎಂಬ ಹಳೆಯ ಸಿಪ್ಯಾಪ್ ಸಾಧನ. ಅದರ ಪೇಟೆಂಟಿನ ಅವಧಿ ಮುಗಿದಿತ್ತು. ಅದನ್ನು ಬಿಚ್ಚಿದರು, ಭಾಗ ಭಾಗವನ್ನೂ ಅಳೆದರು, ಕಂಪ್ಯೂಟರಿನಲ್ಲಿ ಮರುರಚಿಸಿದರು, ಹೆಚ್ಚು ಸಂಖ್ಯೆಯಲ್ಲಿ ತಯಾರಿಸಲು ಬರುವಂತೆ ತಿದ್ದಿದರು. ಹಗಲು ರಾತ್ರಿ ಎನ್ನದೆ ಕೆಲಸ ನಡೆಯಿತು. ನೂರು ಗಂಟೆ ತುಂಬುವ ಮೊದಲೇ ಮೊದಲ ಸಾಧನ ಸಿದ್ಧವಾಗಿತ್ತು. ಹೊಸತನ್ನು ಕಂಡುಹಿಡಿದೆವು ಎನ್ನಿಸಿಕೊಳ್ಳುವ ಹಂಬಲವನ್ನು ಬದಿಗಿಟ್ಟು, ಆಸ್ಪತ್ರೆಗಳಲ್ಲಿ ಪಳಗಿದ್ದ ಹಳೆಯ ಸಾಧನವನ್ನೇ ಆರಿಸಿಕೊಂಡ ಆ ವಿವೇಕಕ್ಕೆ ನಾನು ತಲೆಬಾಗುತ್ತೇನೆ. ಬಳಕೆಯಲ್ಲಿದ್ದ ವಿನ್ಯಾಸವಾದ್ದರಿಂದ ವೈದ್ಯರಿಗೆ ಅದರ ಗುಣ ಗೊತ್ತಿತ್ತು, ಪರೀಕ್ಷೆ ಬೇಗ ಮುಗಿಯಿತು. ಮಾರ್ಚ್ ತಿಂಗಳು ಮುಗಿಯುವುದರೊಳಗೆ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯ ಒಪ್ಪಿಗೆಯೂ ಸಿಕ್ಕಿತು. ಸಾಧನಕ್ಕೆ ಯುಸಿಎಲ್-ವೆಂಚುರಾ ಎಂದು ಹೆಸರಿಟ್ಟರು.

"ಇಲ್ಲಿಂದ ಆಸ್ಪತ್ರೆಗೆ ಎಷ್ಟು ದೂರ?" ಎಂದು ಅಕ್ಕನ ಮಗಳನ್ನು ಕೇಳಿದೆ.

"ಬನ್ನಿ ಚಿಕ್ಕಮ್ಮ, ನಡ್ಕೊಂಡೇ ಹೋಗೋಣ. ಬಸ್ಸಿಗೆ ಕಾಯೋದ್ರೊಳಗೆ ತಲುಪ್ತೀವಿ" ಎಂದಳು.

ಮತ್ತೆ ಗವರ್ ಸ್ಟ್ರೀಟಿಗೆ ಬಂದು ಉತ್ತರಕ್ಕೆ ಹೆಜ್ಜೆ ಹಾಕಿದೆವು. ವಿಶ್ವವಿದ್ಯಾಲಯದ ಹೆಬ್ಬಾಗಿಲಿಗೆ ಎದುರಾಗಿ ಕೆಂಪು ಬಣ್ಣದ ಭವ್ಯ ಕಟ್ಟಡವೊಂದು ನಿಂತಿದೆ. ಅದೇ ಹಳೆಯ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆ. ಮೇಲಿನಿಂದ ನೋಡಿದರೆ ಅದು ಶಿಲುಬೆಯ ಆಕಾರದಲ್ಲಿದೆಯಂತೆ. ವಾಸ್ತುಶಿಲ್ಪಿ ಆಲ್ಫ್ರೆಡ್ ವಾಟರ್‌ಹೌಸ್ ಹಾಗೆ ಯೋಜಿಸಿದ್ದು ವಾರ್ಡುಗಳಿಗೆ ಎಲ್ಲ ಕಡೆಯಿಂದಲೂ ಗಾಳಿ ಬೆಳಕು ಬರಲೆಂದು. ಈ ಕಟ್ಟಡ ಏಳುವ ಮೊದಲೇ, ಇದೇ ಆಸ್ಪತ್ರೆಯಲ್ಲಿ 1846ರ ಡಿಸೆಂಬರ್ 21ರಂದು ರಾಬರ್ಟ್ ಲಿಸ್ಟನ್ ಎಂಬ ಶಸ್ತ್ರವೈದ್ಯ, ರೋಗಿಗೆ ಈಥರ್ ಆವಿ ಉಸಿರಾಡಿಸಿ ನೋವಿಲ್ಲದೆ ಕಾಲು ಕತ್ತರಿಸಿದ್ದ. ಉಸಿರಿನ ದಾರಿಯನ್ನು ಅರಿಯುವ ಸಾಹಸ ಈ ಬೀದಿಯಲ್ಲಿ ಎಷ್ಟು ಹಳೆಯದು! ಇನ್ನೂ ಮುಂದೆ ಯೂಸ್ಟನ್ ರಸ್ತೆಯ ಅಂಚಿಗೆ ಬಂದಾಗ ಬಿಳಿ ಹಸಿರು ಮೈಯ ಎತ್ತರದ ಕಟ್ಟಡ ಎದುರಾಯಿತು. ಅದೇ ಈಗಿನ ಆಸ್ಪತ್ರೆ, ವೆಂಚುರಾವನ್ನು ಮೊದಲು ಪರೀಕ್ಷಿಸಿದ ಜಾಗ. ನಾವು ನಡೆದದ್ದು ಹತ್ತು ನಿಮಿಷದ ದಾರಿಯೂ ಅಲ್ಲ. ಲೇತ್ ಯಂತ್ರಕ್ಕೂ ರೋಗಿಯ ಹಾಸಿಗೆಗೂ ಇದ್ದ ಅಂತರ ಅಷ್ಟೇ. ಆ ದಾರಿಯನ್ನು ನನ್ನ ಕಾಲಿನಿಂದಲೇ ಅಳೆದಾಗ ನೂರು ಗಂಟೆಯ ಗುಟ್ಟು ಅರ್ಧ ಬಿಚ್ಚಿಕೊಂಡಿತು. ಬೆಳಗ್ಗೆ ಎಂಜಿನಿಯರ್ ಮಾಡಿದ್ದನ್ನು ಮಧ್ಯಾಹ್ನ ವೈದ್ಯ ನೋಡುತ್ತಾನೆ, ಸಂಜೆಗೆ ತಿದ್ದುಪಡಿ ವಾಪಸು ಬರುತ್ತದೆ.

ಆಸ್ಪತ್ರೆಯ ಎದುರಿನ ಬೆಂಚಿನ ಮೇಲೆ ಕೂತಾಗ ಹುಡುಗಿ ತಾನಾಗಿಯೇ ಮಾತಿಗೆ ತೊಡಗಿದಳು. ಸಿಪ್ಯಾಪ್ ಸಾಧನಗಳಿದ್ದ ವಾರ್ಡಿನಲ್ಲಿ ಗಾಳಿ ನುಗ್ಗುವ ಸದ್ದು ಇರುಳಿಡೀ ನಿಲ್ಲುತ್ತಿರಲಿಲ್ಲವಂತೆ. ಮಾಸ್ಕ್ ಬಿಗಿದು ಮೂಗಿನ ಮೇಲೆ ಗಾಯವಾಗುತ್ತಿತ್ತಂತೆ. ರೋಗಿಗಳು ಮಾತಾಡಲಾರದೆ ಕೈಸನ್ನೆ ಮಾಡುತ್ತಿದ್ದರಂತೆ.

"ಆದ್ರೂ ಚಿಕ್ಕಮ್ಮ, ಅವ್ರು ಎಚ್ಚರ ಇರ್ತಿದ್ರು. ಫೋನ್ ಹಿಡಿದ್ರೆ ಮನೆಯವ್ರ ಮುಖ ನೋಡ್ತಿದ್ರು. ಕೊಳವೆ ಹಾಕಿದ್ಮೇಲೆ ಅದೂ ಇಲ್ಲ. ನಮಗೆ ಆ ವ್ಯತ್ಯಾಸ ತುಂಬ ದೊಡ್ಡದು" ಎಂದಳು. ಅವಳ ಕಣ್ಣು ತುಂಬಿತ್ತು. ನಾನು ಅವಳ ಕೈ ಹಿಡಿದು ಕೂತೆ. ಕರ್ನಾಟಕದ, ಕೇರಳದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಆ ವರ್ಷ ಈ ದೇಶದ ಆಸ್ಪತ್ರೆಗಳಲ್ಲಿ ಹಾಗೆ ನಿಂತು ದುಡಿದಿದ್ದಾರೆ. ಯಂತ್ರ ಉಸಿರು ಕೊಟ್ಟಿತು ಎನ್ನುವಾಗ ಆ ಯಂತ್ರದ ಪಕ್ಕ ನಿಂತವರನ್ನೂ ನೆನೆಯಬೇಕು.

ಸಿಪ್ಯಾಪ್ ನಿಜಕ್ಕೂ ಫಲ ಕೊಟ್ಟಿತೇ ಎಂಬುದಕ್ಕೆ ಬ್ರಿಟನ್ನಿನ ವೈದ್ಯರು ಮುಂದೆ ಸರಿಯಾದ ಪರೀಕ್ಷೆಯನ್ನೇ ನಡೆಸಿದರು. 1,200ಕ್ಕೂ ಹೆಚ್ಚು ಕೋವಿಡ್ ರೋಗಿಗಳನ್ನು ಒಳಗೊಂಡ ಅಧ್ಯಯನದ ಫಲಿತಾಂಶ 2022ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾಮಾನ್ಯ ಆಮ್ಲಜನಕ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 44 ಮಂದಿಗೆ ಕೊಳವೆ ಹಾಕಬೇಕಾಯಿತು ಅಥವಾ ಅವರು 30 ದಿನದೊಳಗೆ ತೀರಿಕೊಂಡರು. ಸಿಪ್ಯಾಪ್ ಪಡೆದವರಲ್ಲಿ ಅದು 36ಕ್ಕೆ ಇಳಿದಿತ್ತು. ಕಡಿಮೆಯಾದದ್ದು ಮುಖ್ಯವಾಗಿ ಕೊಳವೆ ಹಾಕುವ ಅಗತ್ಯ. ಒಂದು ಐಸಿಯು ಹಾಸಿಗೆ ಖಾಲಿ ಉಳಿದರೆ ಅದು ಇನ್ನೊಬ್ಬರ ಪಾಲಿಗೆ ಒದಗುತ್ತದೆ. ನೂರಕ್ಕೆ ಎಂಟು ಎಂಬ ಲೆಕ್ಕದ ಬೆಲೆ ಅಲ್ಲಿದೆ.

ಗುಟ್ಟಿನ ಉಳಿದರ್ಧ ನೋಡಲು ಯೂಸ್ಟನ್ ನಿಲ್ದಾಣದಿಂದ ರೈಲು ಹಿಡಿದು ಉತ್ತರಕ್ಕೆ ಹೋದೆ. ಸುಮಾರು ಒಂದು ಗಂಟೆಯಲ್ಲಿ ನಾರ್ಥಾಂಪ್ಟನ್. ಅಲ್ಲಿಂದ ಬಸ್ಸಿನಲ್ಲಿ ಬ್ರಿಕ್ಸ್‌ವರ್ತ್ ಎಂಬ ಹಳ್ಳಿ. ಹಸಿರು ದಿಬ್ಬಗಳು, ಬೇಲಿ ಕಟ್ಟಿದ ಹೊಲಗಳು, ಮೇಯುವ ಕುರಿಗಳು. ಹಳ್ಳಿಯ ಎತ್ತರದಲ್ಲಿ ಆಲ್ ಸೇಂಟ್ಸ್ ಚರ್ಚ್. ಅದಕ್ಕೆ ಸಾವಿರದ ಇನ್ನೂರು ವರ್ಷ ವಯಸ್ಸಾಗಿದೆ. ಒಳಗಿನ ಕಮಾನುಗಳನ್ನು ಕಂಡು ಬೆರಗಾದೆ. ಅವುಗಳಿಗೆ ಬಳಸಿದ್ದು ರೋಮನ್ನರು ಬಿಟ್ಟುಹೋದ ಇಟ್ಟಿಗೆಗಳನ್ನು. ಪಾಳುಬಿದ್ದ ಕಟ್ಟಡಗಳಿಂದ ಎತ್ತಿ ತಂದು, ತಮಗೆ ಬೇಕಾದ ಹಾಗೆ ಜೋಡಿಸಿ, ಅಂದಿನ ಕಸುಬಿಗರು ಈ ದೇವಾಲಯ ಎತ್ತಿದ್ದಾರೆ.

ಅದೇ ಹಳ್ಳಿಯ ಇನ್ನೊಂದು ಮಗ್ಗುಲಲ್ಲಿ ಮರ್ಸಿಡಿಸ್ಸಿನ ಎಂಜಿನ್ ಕಾರ್ಖಾನೆ. ಹೊರಗಿನಿಂದಷ್ಟೇ ನೋಡಲು ಸಾಧ್ಯ. 1980ರ ದಶಕದಲ್ಲಿ ಮಾರಿಯೊ ಇಲಿಯನ್ ಮತ್ತು ಪಾಲ್ ಮಾರ್ಗನ್ ಎಂಬ ಇಬ್ಬರು ಎಂಜಿನಿಯರುಗಳು ಸ್ಥಾಪಿಸಿದ ಇಲ್ಮೋರ್ ಸಂಸ್ಥೆಯಿಂದ ಬೆಳೆದದ್ದು ಇದು. ಇಲ್ಲಿ ತಯಾರಾಗುವ 1.6 ಲೀಟರ್ ರೇಸ್ ಎಂಜಿನ್, ಇಂಧನದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೆಲಸವಾಗಿ ಮಾರ್ಪಡಿಸುತ್ತದೆ. ಅಂಥ ಎಂಜಿನ್ ಮಾಡುವವರು ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸುವವರಲ್ಲ. 2020ರ ಮಾರ್ಚ್ 13ರಂದು ಮೆಲ್ಬರ್ನ್‌ನಲ್ಲಿ ನಡೆಯಬೇಕಿದ್ದ ಫಾರ್ಮುಲಾ ಒನ್ ರೇಸ್ ರದ್ದಾಯಿತು. ಋತುವಿನ ಮೊದಲ ರೇಸ್ ನಡೆದದ್ದು ಜುಲೈನಲ್ಲಿ. ನಡುವಿನ ಆ ಹೊತ್ತಿನಲ್ಲಿ, ಪಿಸ್ಟನ್ ಮತ್ತು ಟರ್ಬೊಚಾರ್ಜರ್ ಕೊರೆಯುತ್ತಿದ್ದ 40 ಯಂತ್ರಗಳನ್ನು ವೆಂಚುರಾದ ಭಾಗಗಳಿಗೆ ಹೊಂದಿಸಿದರು. ದಿನಕ್ಕೆ 1,000 ಸಾಧನಗಳವರೆಗೆ ತಯಾರಾದವು. ಸರ್ಕಾರ ಕೇಳಿದ್ದ 10,000 ಸಾಧನಗಳು ಏಪ್ರಿಲ್‌ನಲ್ಲೇ ಸಿದ್ಧವಾದವು. ವರ್ಷ ಕಳೆಯುವುದರೊಳಗೆ ನೂರಕ್ಕೂ ಹೆಚ್ಚು ಆಸ್ಪತ್ರೆಗಳಿಗೆ ತಲುಪಿದವು.

ವಿಶ್ವವಿದ್ಯಾಲಯಕ್ಕೂ ಈ ಕಾರ್ಖಾನೆಗೂ ನಂಟು ಮಹಾಮಾರಿಯ ದಿನ ಹುಟ್ಟಿದ್ದಲ್ಲ. ಪ್ರಾಧ್ಯಾಪಕ ಬೇಕರ್‌ಗೆ ರೇಸಿಂಗ್ ಜಗತ್ತಿನ ಪರಿಚಯ ಮೊದಲೇ ಇತ್ತು. ವಿಭಾಗದ ಹಳೆಯ ವಿದ್ಯಾರ್ಥಿಗಳು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅದರಿಂದಲೇ ಒಂದು ಫೋನ್ ಕರೆ ಸಾಕಾಯಿತು. ಯಾರು ಯಾರಿಗೆ ಅರ್ಜಿ ಬರೆಯಬೇಕು, ಯಾರು ಸಹಿ ಹಾಕಬೇಕು ಎಂದು ಹುಡುಕುವುದರಲ್ಲೇ ನೂರು ಗಂಟೆ ಕಳೆದುಹೋಗಬಹುದಿತ್ತು.

ಸಾಧನದ ಕೆಲಸದ ರೀತಿಯೂ ಸೊಗಸಾದದ್ದು. ಅದಕ್ಕೆ ಮೋಟಾರಿಲ್ಲ, ವಿದ್ಯುತ್ತಿನ ಹಂಗೂ ಇಲ್ಲ. ಆಸ್ಪತ್ರೆಯ ಗೋಡೆಯ ಕೊಳವೆಯಿಂದ ಒತ್ತಡದಲ್ಲಿ ಬರುವ ಆಮ್ಲಜನಕ ಕಿರಿದಾದ ಬಾಯಿಯಿಂದ ವೇಗವಾಗಿ ಚಿಮ್ಮುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಕುಸಿಯುತ್ತದೆ. ಹಾಗೆ ಕುಸಿದಾಗ ಸುತ್ತಲಿನ ಗಾಳಿ ತಾನಾಗಿ ಒಳನುಗ್ಗಿ ಬೆರೆಯುತ್ತದೆ. ಈ ತತ್ವವನ್ನು ಇಟಲಿಯ ಜಿಯೊವಾನಿ ವೆಂಚುರಿ ಹದಿನೆಂಟನೆಯ ಶತಮಾನದಲ್ಲೇ ವಿವರಿಸಿದ್ದ. ನಮ್ಮ ಡಿಪ್ಲೊಮಾ ವಿದ್ಯಾರ್ಥಿಗಳೂ ಓದುವ ಪಾಠ ಅದು. ಮೊದಲ ಮಾದರಿ ಆಮ್ಲಜನಕವನ್ನು ಧಾರಾಳವಾಗಿ ಖರ್ಚು ಮಾಡುತ್ತಿತ್ತು. ಆಸ್ಪತ್ರೆಗಳ ಕೊಳವೆಗಳಿಗೆ ಅಷ್ಟನ್ನು ಒದಗಿಸುವುದು ಕಷ್ಟವೆಂದು ತಿಳಿದೊಡನೆ ಎರಡನೆಯ ಮಾದರಿ ಬಂತು. ಅದು ಆಮ್ಲಜನಕದ ಬಳಕೆಯನ್ನು ಶೇ 70ರವರೆಗೆ ತಗ್ಗಿಸಿತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ್ದು ಏಪ್ರಿಲ್ 7ರ ತೀರ್ಮಾನ. ಅಂದು ಅವರು ನಕ್ಷೆಗಳು, ಬಳಸಿದ ವಸ್ತುಗಳ ಪಟ್ಟಿ, ತಯಾರಿಕೆಯ ವಿಧಾನ ಎಲ್ಲವನ್ನೂ ಜಗತ್ತಿಗೆ ಉಚಿತವಾಗಿ ಬಿಟ್ಟುಕೊಟ್ಟರು. 105 ದೇಶಗಳ ಸುಮಾರು 1,900 ತಂಡಗಳು ಅದನ್ನು ಪಡೆದುಕೊಂಡವು. ಉಸಿರಿನ ಬರ ಬಿದ್ದಾಗ ಅದನ್ನು ಮಾರಿ ಕಾಸು ಮಾಡಿಕೊಳ್ಳುವ ದಾರಿ ತೆರೆದೇ ಇತ್ತು. ಅವರು ಆ ದಾರಿ ಹಿಡಿಯಲಿಲ್ಲ.

ಲಂಡನ್ನಿಗೆ ಮರಳಿದ ಮೇಲೆ ಥೇಮ್ಸ್ ನದಿಯ ದಂಡೆಗೆ ಹೋದೆ. ಪಾರ್ಲಿಮೆಂಟಿನ ಎದುರುದಂಡೆಯಲ್ಲಿ, ಸೇಂಟ್ ಥಾಮಸ್ ಆಸ್ಪತ್ರೆಯ ಬದಿಗೆ, ಸುಮಾರು ಅರ್ಧ ಕಿಲೋಮೀಟರ್ ಉದ್ದದ ಗೋಡೆಯ ತುಂಬ ಕೆಂಪು ಹೃದಯಗಳು. 2021ರ ಮಾರ್ಚ್‌ನಲ್ಲಿ ಜನರೇ ಬಿಡಿಸಲು ತೊಡಗಿದ್ದು. ಒಂದು ಹೃದಯ ಎಂದರೆ ಕೋವಿಡ್‌ನಲ್ಲಿ ಹೋದ ಒಂದು ಜೀವ. ಎರಡು ಲಕ್ಷಕ್ಕೂ ಹೆಚ್ಚಿವೆ. ಎಷ್ಟು ನಡೆದರೂ ಗೋಡೆ ಮುಗಿಯುವುದಿಲ್ಲ. ಆ ಗೋಡೆಯನ್ನು ದಾಟಿ ಲ್ಯಾಂಬೆತ್ ಸೇತುವೆಯ ಕಡೆಗೆ ಬಂದರೆ ನಮ್ಮ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಅನಾವರಣಗೊಂಡದ್ದು. ಅದರೆದುರು ಕೈಮುಗಿದು ನಿಂತಾಗ ನನಗೆ ಮೆಕ್‌ಸ್ಪೇಸಿನ ಕೆಲಸದ ಮೇಜು ಕಣ್ಮುಂದೆ ಬಂತು. ಮೈಮುರಿದು ಮಾಡಿದ ಕೆಲಸವೂ, ಮಾಡಿದ್ದನ್ನು ಎಲ್ಲರಿಗೂ ಹಂಚಿದ ಉದಾರತೆಯೂ ಅಲ್ಲಿ ಜೊತೆಯಾಗಿದ್ದವು. ಶರಣರು ಕಾಯಕ ಮತ್ತು ದಾಸೋಹವನ್ನು ಬೇರ್ಪಡಿಸಲಿಲ್ಲ. ಗವರ್ ಸ್ಟ್ರೀಟಿನವರೂ ಬೇರ್ಪಡಿಸಲಿಲ್ಲ.

ಉಸಿರಿಗಾಗಿ ನಡೆದ ಈ ಹೋರಾಟ ನಮ್ಮ ನಾಡಿಗೆ ದೂರದ್ದಲ್ಲ. 2021ರ ಮೇ ಮೊದಲ ವಾರ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಗಿ 20ಕ್ಕೂ ಹೆಚ್ಚು ರೋಗಿಗಳು ಪ್ರಾಣ ಬಿಟ್ಟದ್ದನ್ನು ಯಾವ ಕನ್ನಡಿಗ ಮರೆತಾನು? ಕೈಕಟ್ಟಿ ಕೂರದವರು ನಮ್ಮಲ್ಲೂ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2020ರಲ್ಲೇ ಪ್ರಾಣ ಎಂಬ ಹೆಸರಿನ ವೆಂಟಿಲೇಟರ್ ಯೋಜನೆ ಆರಂಭವಾಗಿತ್ತು. ವಿದೇಶದ ಬಿಡಿಭಾಗಗಳು ಬರುವ ದಾರಿ ಮುಚ್ಚಿದ್ದರಿಂದ, ನಮ್ಮ ವಾಹನ ಉದ್ಯಮದಲ್ಲಿ ಮತ್ತು ಕುಡಿಯುವ ನೀರು ಶುದ್ಧಗೊಳಿಸುವ ಯಂತ್ರಗಳ ಉದ್ಯಮದಲ್ಲಿ ಸುಲಭವಾಗಿ ಸಿಗುವ ಭಾಗಗಳಿಂದಲೇ ಆ ತಂಡ ಮಾದರಿಯನ್ನು ಕಟ್ಟಿತು. ಅದೇ ಸಂಸ್ಥೆಯ ಇನ್ನೊಂದು ತಂಡ ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಸಾಧನವನ್ನು ರೂಪಿಸಿತು. ಬುದ್ಧಿಯಲ್ಲಾಗಲಿ, ಮನಸ್ಸಿನಲ್ಲಾಗಲಿ ನಾವು ಯಾರಿಗೂ ಕಡಿಮೆಯಿಲ್ಲ.

ನಮಗೆ ಬೇಕಾದದ್ದು ಆ ಹತ್ತು ನಿಮಿಷದ ದಾರಿ. ಮಣಿಪಾಲದಲ್ಲಿ, ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜೂ ಎಂಜಿನಿಯರಿಂಗ್ ಕಾಲೇಜೂ ಒಂದೇ ಊರಿನಲ್ಲಿವೆ. ಅಂಥ ಊರುಗಳು ನಮ್ಮಲ್ಲಿ ಇನ್ನೂ ಹಲವು. ಎಂಜಿನಿಯರಿಂಗ್ ಓದುವ ಮಕ್ಕಳು ವಾರಕ್ಕೊಮ್ಮೆ ವಾರ್ಡಿನಲ್ಲಿ ನಿಂತು ನರ್ಸುಗಳ ಕಷ್ಟ ಕೇಳಲಿ. ವೈದ್ಯರು ವರ್ಕ್‌ಶಾಪಿಗೆ ಬಂದು ಲೇತ್ ಮುಂದೆ ನಿಲ್ಲಲಿ. ಪೀಣ್ಯದ ಸಣ್ಣ ಕಾರ್ಖಾನೆಯವರ ಫೋನ್ ನಂಬರು ಪ್ರಾಧ್ಯಾಪಕರ ಜೇಬಿನಲ್ಲಿರಲಿ. ಮಾಡಿದ್ದರ ನಕ್ಷೆ ಬೀರುವಿನಲ್ಲಿ ಕೊಳೆಯದೆ ಹತ್ತು ಜನರ ಕೈ ಸೇರಲಿ. ಮುಂದಿನ ರೋಗ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಅದು ಬಂದ ದಿನ ಪರಿಚಯ ಮಾಡಿಕೊಳ್ಳಲು ಹೊರಟರೆ ತಡವಾಗುತ್ತದೆ. ಎಂಜಿನಿಯರಿಂಗ್ ಕಲಿಸುವ, ಕಲಿಯುವ ಎಲ್ಲ ಕನ್ನಡಿಗರಲ್ಲಿ ನನ್ನ ಬಿನ್ನಹ ಇಷ್ಟೇ: ನಿಮ್ಮ ಊರಿನ ಆಸ್ಪತ್ರೆಗೆ ಈ ವಾರವೇ ಒಮ್ಮೆ ನಡೆದು ಹೋಗಿ, ಅಲ್ಲಿ ಏನು ಬೇಕಾಗಿದೆ ಎಂದು ಕೇಳಿ.